ಮಳೆಯಂಥ ರೇಡಿಯೊ, ನಲ್ಲಿಯಂಥ ರೇಡಿಯೊ: ಎಲೆಕ್ಟ್ರಿಕ್ ಕಾರಿನೊಳಗಿನ ಪೈಪೋಟಿ

ಎಲೆಕ್ಟ್ರಿಕ್ ಕಾರು ನೋಡಲು ಶೋರೂಮಿಗೆ ಹೋದವರು ಏನು ಕೇಳುತ್ತಾರೆ? ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಹೋಗುತ್ತೆ, ಬ್ಯಾಟರಿಗೆ ಎಷ್ಟು ವರ್ಷ ಗ್ಯಾರಂಟಿ, ಬೆಲೆ ಎಷ್ಟು. ರೇಡಿಯೊ ಇದೆಯಾ ಅಂತ ಕೇಳುವವರು ಕಡಿಮೆ. ಅಮೆರಿಕದಲ್ಲಿ ಮಾತ್ರ ಈ ಪ್ರಶ್ನೆ ಸಂಸತ್ತಿನವರೆಗೂ ಹೋಯಿತು. ಯಾಕೆ ಹೋಯಿತು ಅನ್ನುವುದಕ್ಕೆ ಮೂವತ್ತು ವರ್ಷಗಳ ಕಥೆ ಇದೆ. ಆ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ.

ಮೊದಲು ಎರಡು ಬಗೆಯ ರೇಡಿಯೊ ನಡುವಿನ ವ್ಯತ್ಯಾಸ ನೋಡೋಣ.

ಉಪಗ್ರಹ ರೇಡಿಯೊ ಮಳೆಯ ಹಾಗೆ. ಸಾವಿರಾರು ಕಿಲೋಮೀಟರ್ ಎತ್ತರದಿಂದ ಇಡೀ ದೇಶದ ಮೇಲೆ ಒಂದೇ ಸಲ ಸುರಿಯುತ್ತದೆ. ಒಬ್ಬರು ಕೇಳಿದರೂ ಒಂದು ಕೋಟಿ ಜನ ಕೇಳಿದರೂ ಉಪಗ್ರಹಕ್ಕೆ ಕೆಲಸ ಅಷ್ಟೇ. ಚಂದಾ ಕಟ್ಟದವರ ಪೆಟ್ಟಿಗೆಗೆ ಬೀಗ ಹಾಕುತ್ತಾರೆ ನಿಜ. ಆದರೆ ಉಪಗ್ರಹದಿಂದ ದನಿ ಕೆಳಗೆ ಬರುತ್ತದೆಯೇ ಹೊರತು ಕೇಳುಗರಿಂದ ಮೇಲಕ್ಕೆ ಏನೂ ಹೋಗುವುದಿಲ್ಲ.

ಸ್ಟ್ರೀಮಿಂಗ್ ನಲ್ಲಿಯ ಹಾಗೆ. ಮೊಬೈಲ್ ಟವರಿನಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೊಳವೆ. ಬೇಕಾದ ಹಾಡು ಬೇಕಾದಾಗ ಸಿಗುತ್ತದೆ. ಆದರೆ ಮೀಟರ್ ಇರುತ್ತದೆ. ಸಾಧಾರಣ ಗುಣಮಟ್ಟದಲ್ಲಿ, ಅಂದರೆ 128 ಕೆಬಿಪಿಎಸ್‌ನಲ್ಲಿ ಕೇಳಿದರೆ ಗಂಟೆಗೆ ಸುಮಾರು 58 ಎಂಬಿ ಡೇಟಾ ಖರ್ಚು. ನೀವು ಯಾವ ಹಾಡು ಕೇಳಿದಿರಿ, ಯಾವುದನ್ನು ಅರ್ಧಕ್ಕೇ ಬಿಟ್ಟಿರಿ ಅನ್ನುವ ಲೆಕ್ಕವೂ ಆ ಕಡೆಯವರಿಗೆ ಸಿಗುತ್ತದೆ. ಟವರ್ ಬಿದ್ದರೆ ನಲ್ಲಿ ಬಂದ್.

ಈಗ ಕಥೆಗೆ ಬರೋಣ. 1992ರಲ್ಲಿ ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ ಉಪಗ್ರಹ ರೇಡಿಯೊಗೆಂದು ತರಂಗಾಂತರ ಮೀಸಲಿಟ್ಟಿತು. 1997ರಲ್ಲಿ ಹರಾಜು ನಡೆದು ಎರಡೇ ಕಂಪನಿಗಳಿಗೆ ಲೈಸೆನ್ಸ್ ಸಿಕ್ಕಿತು. ಒಂದೊಂದೂ 8 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತು. ಮುಂದೆ ಇವೇ ಎಕ್ಸ್‌ಎಂ ಮತ್ತು ಸಿರಿಯಸ್ ಎಂದು ಹೆಸರಾದವು. 2001ರ ಸೆಪ್ಟೆಂಬರ್ 25ರಂದು ಎಕ್ಸ್‌ಎಂ ಪ್ರಸಾರ ಶುರುವಾಯಿತು. ಅದರ ಎರಡು ಉಪಗ್ರಹಗಳಿಗೆ ‘ರಾಕ್’ ಮತ್ತು ‘ರೋಲ್’ ಎಂದು ಹೆಸರಿಟ್ಟಿದ್ದರು. ತಿಂಗಳಿಗೆ 9.99 ಡಾಲರ್ ಚಂದಾ, ಸುಮಾರು 100 ಚಾನೆಲ್. 2002ರಲ್ಲಿ ಸಿರಿಯಸ್ ಬಂತು.

ಅಮೆರಿಕದ ಹಳ್ಳಿಗಾಡಿನಲ್ಲಿ ಗಂಟೆಗಟ್ಟಲೆ ಗಾಡಿ ಓಡಿಸುವ ಲಾರಿ ಡ್ರೈವರುಗಳಿಗೆ, ರೈತರಿಗೆ ಇದು ವರವೇ ಆಯಿತು. ಎಫ್‌ಎಂ ನೂರು ಕಿಲೋಮೀಟರ್ ದಾಟುವುದರೊಳಗೆ ಕೈಕೊಡುತ್ತದೆ. ಉಪಗ್ರಹ ರೇಡಿಯೊದಲ್ಲಿ ಒಂದೇ ಚಾನೆಲ್ ದೇಶದ ಈ ತುದಿಯಿಂದ ಆ ತುದಿಯವರೆಗೆ ಕೇಳಿಸುತ್ತದೆ. ಆದರೆ ಉಪಗ್ರಹಕ್ಕೆ ಖರ್ಚು ವಿಪರೀತ. ಪೈಪೋಟಿಯಲ್ಲಿ ಸುಸ್ತಾದ ಎರಡೂ ಕಂಪನಿಗಳು 2008ರಲ್ಲಿ ಒಂದಾಗಿ ಸಿರಿಯಸ್ ಎಕ್ಸ್‌ಎಂ ಆದವು.

ನಮ್ಮ ಕಡೆ ಇದೇ ಕಾಲದಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ 1990ರಲ್ಲಿ ವರ್ಲ್ಡ್‌ಸ್ಪೇಸ್ ಕಂಪನಿ ಕಟ್ಟಿದರು. ಆಫ್ರಿಕಾ ಮತ್ತು ಏಷ್ಯಾದ ದೂರದ ಊರುಗಳಿಗೆ ರೇಡಿಯೊ ತಲುಪಿಸಬೇಕು ಅನ್ನುವುದು ಅವರ ಆಸೆ. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿದವು. ಭಾರತದ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಕನ್ನಡಕ್ಕೆ ‘ಸ್ಪರ್ಶ’ ಚಾನೆಲ್‌ಗಳಿದ್ದವು. ಎ.ಆರ್. ರೆಹಮಾನ್ ಅದರ ರಾಯಭಾರಿಯಾಗಿದ್ದರು.

ಆದರೆ ಆ ಪೆಟ್ಟಿಗೆಯ ಚಪ್ಪಟೆ ಆಂಟೆನಾವನ್ನು ಉಪಗ್ರಹದ ದಿಕ್ಕಿಗೇ ತಿರುಗಿಸಿ ಇಡಬೇಕಿತ್ತು. ಕಿಟಕಿಯ ಪಕ್ಕ ಸರಿ, ಓಡುವ ಗಾಡಿಯಲ್ಲಿ ಹೇಗೆ? ಅಮೆರಿಕದಲ್ಲಿ ಉಪಗ್ರಹ ರೇಡಿಯೊ ಬೆಳೆದದ್ದೇ ಕಾರಿನಿಂದ. ಇಲ್ಲಿ ಅದಕ್ಕೆ ಕಾರು ಸಿಗಲಿಲ್ಲ. 2008ರ ಅಕ್ಟೋಬರಿನಲ್ಲಿ ವರ್ಲ್ಡ್‌ಸ್ಪೇಸ್ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ದುಡ್ಡು ಕೊಟ್ಟು ತಂದ ಪೆಟ್ಟಿಗೆಗಳು ಅಟ್ಟ ಸೇರಿದವು.

ಅಷ್ಟರಲ್ಲಿ ಸ್ಮಾರ್ಟ್‌ಫೋನ್ ಬಂದಾಗಿತ್ತು. 2012ರಲ್ಲಿ ಟೆಸ್ಲಾ ‘ಮಾಡೆಲ್ ಎಸ್’ ಎಂಬ ಎಲೆಕ್ಟ್ರಿಕ್ ಕಾರು ತಂದಿತು. ಡ್ಯಾಶ್‌ಬೋರ್ಡಿನಲ್ಲಿ 17 ಇಂಚಿನ ಪರದೆ, ಕಾರಿಗೇ ಸ್ವಂತ ಇಂಟರ್‌ನೆಟ್. ಕಾರು ಅನ್ನುವುದೇ ಗಾಲಿ ಇರುವ ಫೋನ್ ಆಯಿತು. 2017ರಲ್ಲಿ ಬಂದ ‘ಮಾಡೆಲ್ 3’ರಲ್ಲಿ ಉಪಗ್ರಹ ರೇಡಿಯೊ ಇರಲಿಲ್ಲ, ಎಎಂ ರೇಡಿಯೊ ಕೂಡ ಇರಲಿಲ್ಲ. ಎಎಂ ಅಂದರೆ ನಮ್ಮ ಆಕಾಶವಾಣಿಯ ಮೀಡಿಯಂ ವೇವ್.

ಎಎಂ ತೆಗೆಯಲು ಕಂಪನಿಗಳು ಕೊಟ್ಟ ಕಾರಣ ಹೀಗಿತ್ತು. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಾಯಿಸುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತದೆ. ಅದರ ಗದ್ದಲ ಎಎಂ ತರಂಗಗಳಿಗೆ ಬೆರೆತು ಗೊರಗೊರ ಸದ್ದು ಬರುತ್ತದೆ. ಕವಚ ಹಾಕಿ ತಡೆಯಬಹುದು, ಆದರೆ ಖರ್ಚು. ಉಪಗ್ರಹ ರೇಡಿಯೊದ ತರಂಗಾಂತರ ಬಹಳ ಮೇಲಿನದು, ಅದಕ್ಕೆ ಈ ಕಾಟ ಅಷ್ಟಾಗಿ ಇಲ್ಲ. ಅದನ್ನು ಕೈಬಿಟ್ಟದ್ದು ಸ್ಟ್ರೀಮಿಂಗ್ ಇರುವಾಗ ಬೇರೆ ಆಂಟೆನಾ ಯಾಕೆ ಅನ್ನುವ ಲೆಕ್ಕಾಚಾರ ಎಂದೇ ನಮಗೆ ಕಾಣುತ್ತದೆ.

2023ರ ಹೊತ್ತಿಗೆ ಟೆಸ್ಲಾ, ಬಿಎಂಡಬ್ಲ್ಯು, ವೋಲ್ವೊ, ಫೋರ್ಡ್ ಸೇರಿದಂತೆ ಎಂಟು ಕಂಪನಿಗಳು ತಮ್ಮ ಎಲೆಕ್ಟ್ರಿಕ್ ಕಾರುಗಳಿಂದ ಎಎಂ ತೆಗೆದದ್ದು ಸೆನೆಟರ್ ಎಡ್ ಮಾರ್ಕಿ ನಡೆಸಿದ ವಿಚಾರಣೆಯಿಂದ ಗೊತ್ತಾಯಿತು. ವಿಪತ್ತಿನ ಹೊತ್ತಿನಲ್ಲಿ ಸರ್ಕಾರದ ಎಚ್ಚರಿಕೆ ಜನರಿಗೆ ತಲುಪುವುದು ಹೇಗೆ ಎಂಬ ಕೂಗೆದ್ದಿತು. ಎಲ್ಲ ಕಾರಿನಲ್ಲೂ ಎಎಂ ಕಡ್ಡಾಯ ಮಾಡುವ ಮಸೂದೆ ಮಂಡನೆಯಾಯಿತು. ಅದೇ ಮೇ ತಿಂಗಳಲ್ಲಿ ಫೋರ್ಡ್ ಹಿಂದೆ ಸರಿದು, ಆಗಲೇ ಮಾರಿದ್ದ ಎಲೆಕ್ಟ್ರಿಕ್ ಗಾಡಿಗಳಿಗೆ ಸಾಫ್ಟ್‌ವೇರ್ ಕಳಿಸಿ ಎಎಂ ಮರಳಿಸುವುದಾಗಿ ಹೇಳಿತು. ಸಾಫ್ಟ್‌ವೇರಿನಿಂದ ಮರಳಿ ಬರುತ್ತದೆ ಅಂದರೆ, ಅಡ್ಡಿ ತಂತ್ರಜ್ಞಾನದ್ದಷ್ಟೇ ಆಗಿರಲಿಲ್ಲ ಅಂತಾಯಿತು.

ಆ ಕೂಗಿಗೆ ಅರ್ಥ ಇತ್ತು ಅನ್ನುವುದು 2024ರ ಸೆಪ್ಟೆಂಬರಿನಲ್ಲಿ ಕಂಡಿತು. ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾದ ಗುಡ್ಡಗಾಡನ್ನು ಕೊಚ್ಚಿಹಾಕಿತು. ಪೆಟ್ಟು ತಿಂದ ಜಿಲ್ಲೆಗಳಲ್ಲಿ ಅರ್ಧಕ್ಕೂ ಹೆಚ್ಚು ಮೊಬೈಲ್ ಟವರ್ ಸ್ತಬ್ಧವಾದವು. ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಯಾವ ರಸ್ತೆ ಮುಚ್ಚಿದೆ ಎಂದು ತಿಳಿಯಲು ಜನ ಕಾರಿನಲ್ಲಿ ಕೂತು ಊರಿನ ರೇಡಿಯೊ ಕೇಳಿದರು.

ಸಿರಿಯಸ್ ಎಕ್ಸ್‌ಎಂ ಕೂಡ ದಾರಿ ಬದಲಿಸಿತು. ಉಪಗ್ರಹ ಮತ್ತು ಇಂಟರ್‌ನೆಟ್ ಎರಡನ್ನೂ ಬೆರೆಸಿದ ರಿಸೀವರ್ ಕೊಡತೊಡಗಿತು. 2024ರ ಡಿಸೆಂಬರಿನಲ್ಲಿ ಟೆಸ್ಲಾ ಕಾರಿನೊಳಗೂ ಹೊಕ್ಕಿತು, ಆದರೆ ಉಪಗ್ರಹದ ಮೂಲಕ ಅಲ್ಲ, ಆ್ಯಪ್ ಆಗಿ! ಮಳೆ ಸುರಿಸುತ್ತಿದ್ದ ಕಂಪನಿಯೂ ನಲ್ಲಿ ಹಾಕಿಸಿಕೊಂಡಿತು.

ಹಾಗಾದರೆ ಸ್ಟ್ರೀಮಿಂಗ್ ಕೆಟ್ಟದ್ದೇ? ನಾವು ಹಾಗೆ ಹೇಳುತ್ತಿಲ್ಲ. ಬೇಕಾದ ಯಕ್ಷಗಾನ, ಬೇಕಾದ ವಚನ ಬೇಕೆಂದಾಗ ಕೇಳುವ ಸುಖ ಅದರಿಂದಲೇ ಬಂದದ್ದು. ನಮ್ಮ ತಕರಾರು ಇಷ್ಟೇ: ನಲ್ಲಿ ಬಂತೆಂದು ಬಾವಿ ಮುಚ್ಚಬಾರದು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಂಥ ಕೇಂದ್ರಗಳಿಂದ ಕೃಷಿ ಮಾತು, ಹವಾಮಾನ, ವಾರ್ತೆ ಕೇಳಿ ಬೆಳೆದ ಮನೆಗಳು ನಮ್ಮವು. ಅದಕ್ಕೆ ರೀಚಾರ್ಜ್ ಬೇಕಿರಲಿಲ್ಲ, ಪಾಸ್‌ವರ್ಡ್ ಬೇಕಿರಲಿಲ್ಲ. ಘಟ್ಟದ ತಿರುವಿನಲ್ಲಿ ನೆಟ್‌ವರ್ಕ್ ಹೋದಾಗ, ಮಳೆಗಾಲದಲ್ಲಿ ಕರೆಂಟಿಲ್ಲದೆ ಟವರ್ ಸತ್ತಾಗ ಮಾತಾಡುವುದು ಅಂಥ ರೇಡಿಯೊವೇ.

ಅಮೆರಿಕದವರು ಎಎಂ ಹೋದ ಮೇಲೆ ಎಚ್ಚೆತ್ತು ಮರಳಿ ಕೇಳಬೇಕಾಯಿತು. ಎಲೆಕ್ಟ್ರಿಕ್ ಕಾರು ನಮ್ಮ ಹಳ್ಳಿಗಳಿಗೂ ಬರತೊಡಗಿದೆ. ನಾಳೆ ನಿಮ್ಮ ಮನೆಯವರು ಶೋರೂಮಿಗೆ ಹೋದರೆ ಇನ್ನೊಂದು ಪ್ರಶ್ನೆ ಸೇರಿಸಲು ಹೇಳಿ: ಇಂಟರ್‌ನೆಟ್ ಇಲ್ಲದಾಗ ಈ ಕಾರಿನಲ್ಲಿ ಯಾವ ರೇಡಿಯೊ ಕೇಳಿಸುತ್ತೆ?