ಕಣ್ಣು ತೆರೆಯುವ ಮೊದಲೇ: ರೆಟಿನಾದ ನರಕೋಶಗಳಲ್ಲಿ ಕ್ಯಾಲ್ಸಿಯಂ ಚಾನೆಲ್‌ಗಳು

ಸಂಶೋಧನೆಗೆ ಸೇರಬೇಕೆಂದು ಬಂದಿದ್ದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ನನಗೊಂದು ಪಟ್ಟಿ ತೋರಿಸಿದಳು. ರೆಟಿನಾದ ಯಾವ ಬಗೆಯ ಕೋಶದಲ್ಲಿ ಯಾವ ಕ್ಯಾಲ್ಸಿಯಂ ಚಾನೆಲ್‌ನ ವಂಶವಾಹಿ ಎಷ್ಟು ಚುರುಕಾಗಿದೆ ಎಂಬ ಪಟ್ಟಿ ಅದು. "ಸರ್, ಎಲ್ಲ ಇಲ್ಲೇ ಇದೆಯಲ್ಲ. ಇನ್ನು ಅಳೆಯೋದಕ್ಕೆ ಏನು ಉಳಿದಿದೆ?" ಎಂದು ಕೇಳಿದಳು. ಕೊಂಕಿಲ್ಲದ ಪ್ರಶ್ನೆ. ಅವಳಿಗೆ ಆ ದಿನ ಹೇಳಿದ್ದನ್ನು, ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10 ಸಾವಿರ ಪಟ್ಟು ಹೆಚ್ಚಿರುತ್ತದೆ. ಕೋಶಪೊರೆಯಲ್ಲಿರುವ ಚಾನೆಲ್ ಎಂಬ ಪ್ರೋಟೀನು ವೋಲ್ಟೇಜ್ ಬದಲಾದಾಗ ಕ್ಷಣಕಾಲ ತೆರೆದರೂ ಸಾಕು, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆಮೇಲೆ ನರಕೋಶ ರಾಸಾಯನಿಕ ಸುರಿಸುತ್ತದೆ, ಕೊಂಬೆ ಚಾಚುತ್ತದೆ, ವಂಶವಾಹಿಗಳನ್ನು ಎಬ್ಬಿಸುತ್ತದೆ. ಕ್ಯಾಲ್ಸಿಯಂ ಮಿತಿಮೀರಿದರೆ ಸಾಯುತ್ತದೆ.

1953ರಲ್ಲಿ ಫ್ಯಾಟ್ ಮತ್ತು ಕಾಟ್ಜ್ ಏಡಿಯ ಸ್ನಾಯುವಿನಲ್ಲಿ ಸೋಡಿಯಂ ಇಲ್ಲದೆಯೂ ವಿದ್ಯುತ್ ಮಿಡಿತ ಏಳುವುದನ್ನು ಕಂಡರು. ಕ್ಯಾಲ್ಸಿಯಂ ಚಾನೆಲ್‌ಗಳ ಕಥೆ ಶುರುವಾಗುವುದು ಅಲ್ಲಿಂದ. ಹಗಿವಾರ ಅದನ್ನು ಬಾರ್ನಕಲ್ ಎಂಬ ಕಡಲಜೀವಿಯ ಸ್ನಾಯುವಿನಲ್ಲಿ ಮುಂದುವರಿಸಿದರು. 1970ರ ದಶಕದಲ್ಲಿ ಸ್ಪಿಟ್ಜರ್ ಕಪ್ಪೆಯ ಭ್ರೂಣದ ನರಕೋಶಗಳಲ್ಲಿ ಮೊದಲು ಕ್ಯಾಲ್ಸಿಯಂ ಹೊತ್ತ ಮಿಡಿತ ಬರುತ್ತದೆ, ಬೆಳೆದಂತೆ ಸೋಡಿಯಂ ಆ ಜಾಗ ಹಿಡಿಯುತ್ತದೆ ಎಂದು ತೋರಿಸಿದರು. ಬಹಳ ಸೊಗಸಾದ ಕೆಲಸ. ಆದರೆ ಅದೇ ಸೂತ್ರವನ್ನು ಎಲ್ಲ ನರಕೋಶಗಳಿಗೂ ಹೊಂದಿಸುವ ಆತುರ ಆಗಲೇ ಹುಟ್ಟಿಕೊಂಡಿತು.

ನನ್ನ ತಲೆಮಾರಿನ ಕೈಗೆ ಸಿಕ್ಕಿದ್ದು ನೇಹರ್ ಮತ್ತು ಸಾಕ್‌ಮನ್ ರೂಪಿಸಿದ ಪ್ಯಾಚ್ ಕ್ಲ್ಯಾಂಪ್, ಅಂದರೆ ಗಾಜಿನ ಪಿಪೆಟ್ಟನ್ನು ಕೋಶಪೊರೆಗೆ ಅಂಟಿಸಿ ಪ್ರವಾಹ ಅಳೆಯುವ ವಿಧಾನ. 1984ರಲ್ಲಿ ಕಾರ್ಬೋನೆ ಮತ್ತು ಲುಕ್ಸ್ ಕಡಿಮೆ ವೋಲ್ಟೇಜ್‌ನಲ್ಲೇ ತೆರೆಯುವ ಕ್ಯಾಲ್ಸಿಯಂ ಪ್ರವಾಹವನ್ನು ಬೇರ್ಪಡಿಸಿದರು. ಮರುವರ್ಷ ನೊವಿಕ್ಕಿ, ಫಾಕ್ಸ್ ಮತ್ತು ರಿಚರ್ಡ್ ತ್ಸಿಯನ್ ಕೋಳಿಮರಿಯ ಸಂವೇದಿ ನರಕೋಶಗಳಲ್ಲಿ ಟಿ, ಎನ್, ಎಲ್ ಎಂಬ ಮೂರು ಬಗೆಗಳನ್ನು ಗುರುತಿಸಿದರು. ಟಿ ಚಾನೆಲ್ ಕಡಿಮೆ ವೋಲ್ಟೇಜ್‌ನಲ್ಲೇ ತೆರೆದು ಬೇಗ ಮುಚ್ಚುತ್ತದೆ. ಎಲ್ ತೆರೆಯಲು ಹೆಚ್ಚು ವೋಲ್ಟೇಜ್ ಬೇಕು, ತೆರೆದರೆ ಬಹಳ ಹೊತ್ತು ನಿಲ್ಲುತ್ತದೆ; ಬಿ.ಪಿ. ಮಾತ್ರೆಯಾಗಿ ನಮಗೆಲ್ಲ ಪರಿಚಿತವಾದ ನಿಫೆಡಿಪಿನ್ ಮುಚ್ಚಿಸುವುದು ಇದನ್ನೇ. ಶಂಖದ ಹುಳುವಿನ ವಿಷಕ್ಕೆ ಮಣಿಯುವುದು ಎನ್.

1989ರಲ್ಲಿ ಕಾರ್ಶಿನ್ ಮತ್ತು ಲಿಪ್ಟನ್ ಎಳೆ ಇಲಿಯ ರೆಟಿನಾದಿಂದ ಬಿಡಿಸಿದ ಗ್ಯಾಂಗ್ಲಿಯನ್ ಕೋಶಗಳಲ್ಲಿ ಈ ಪ್ರವಾಹಗಳನ್ನು ಅಳೆದರು. ಕಣ್ಣಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ಕೋಶಗಳು ಇವೇ.

ಆ ಅಳತೆ ಹೇಗಿತ್ತು ಎಂಬುದನ್ನು ಇಂದಿನವರು ಒಮ್ಮೆ ನೋಡಬೇಕು. ಸೋಡಿಯಂ ದಾರಿಯನ್ನು ಮೀನಿನ ವಿಷದಿಂದ, ಪೊಟ್ಯಾಸಿಯಂ ದಾರಿಯನ್ನು ಸೀಸಿಯಂನಿಂದ ಮುಚ್ಚಿ, ಗಾಜಿನ ಪಿಪೆಟ್ಟಿನ ತುದಿಯನ್ನು ಕೋಶಕ್ಕೆ ತಾಗಿಸಿ, ಬಾಯಿಂದ ನಯವಾಗಿ ಉಸಿರೆಳೆಯುತ್ತೇವೆ. ಪೊರೆ ಗಾಜಿಗೆ ಬಿಗಿಯಾಗಿ ಅಂಟುತ್ತದೆ. ಇನ್ನೊಂದು ಸಣ್ಣ ಎಳೆತಕ್ಕೆ ಪೊರೆ ಹರಿದು ಕೋಶದ ಒಳಗು ಪಿಪೆಟ್ಟಿಗೆ ತೆರೆದುಕೊಳ್ಳುತ್ತದೆ. ವೋಲ್ಟೇಜನ್ನು ಮೈನಸ್ 90 ಮಿಲಿವೋಲ್ಟ್‌ನಲ್ಲಿ ಹಿಡಿದು ಮೈನಸ್ 40ಕ್ಕೆ ಏರಿಸಿದರೆ ಪರದೆಯ ಮೇಲೆ ಸಣ್ಣದೊಂದು ಗುಳಿ ಮೂಡಿ ಹತ್ತಾರು ಮಿಲಿಸೆಕೆಂಡುಗಳಲ್ಲಿ ಮಾಯವಾಗುತ್ತದೆ. ಅದು ಟಿ. ಮೈನಸ್ 50ರಲ್ಲಿ ಹಿಡಿದು ಸೊನ್ನೆಗೆ ಏರಿಸಿದರೆ ಆಳವಾದ, ನಿಂತೇ ಇರುವ ಪ್ರವಾಹ. ಅದರಲ್ಲಿ ಎಲ್ ಎಷ್ಟು, ಎನ್ ಎಷ್ಟು ಎಂಬುದನ್ನು ಔಷಧ ಹಾಕಿ ಕಳೆಯಬೇಕು. ಅಷ್ಟರಲ್ಲಿ ಕೋಶದ ಒಳಸತ್ವ ಪಿಪೆಟ್ಟಿಗೆ ಸೋರಿ ಈ ದೊಡ್ಡ ಪ್ರವಾಹ ನಿಮಿಷ ನಿಮಿಷಕ್ಕೂ ಕುಗ್ಗುತ್ತಿರುತ್ತದೆ. ಪಿಪೆಟ್ಟಿಗೆ ಕೋಶದ ಇಂಧನವಾದ ಎಟಿಪಿ ತುಂಬಿ ಅದನ್ನು ಹಿಡಿದಿಡಲು ನಾನು ಕಳೆದ ಸಂಜೆಗಳು ಎಷ್ಟೋ. ಔಷಧದಿಂದ ಇಳಿದದ್ದು ಯಾವುದು, ತಾನಾಗಿ ಸೋರಿದ್ದು ಯಾವುದು ಎಂದು ಬೇರ್ಪಡಿಸದ ಅಂಕಿಯನ್ನು ನಾನು ಇಂದಿಗೂ ನಂಬುವುದಿಲ್ಲ.

ಬಿಡಿಸಿದ ಕೋಶ ತನ್ನ ಕೊಂಬೆಗಳನ್ನು ಕಳೆದುಕೊಂಡಿರುತ್ತದೆ. ಈ ಕೊರತೆಯನ್ನು ಅರಿತ ಟ್ಯೂಬಿಂಗೆನ್‌ನ ಶ್ಮಿಡ್ ಮತ್ತು ಗುಂಥರ್ ಇಲಿಯ ಗ್ಯಾಂಗ್ಲಿಯನ್ ಕೋಶಗಳನ್ನು ಅವು ಇರುವ ಜಾಗದಲ್ಲೇ, ಹುಟ್ಟುವ ಮೊದಲಿನಿಂದ ಹುಟ್ಟಿದ ನಂತರದವರೆಗೆ ಅಳೆದು 1999ರಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಈ ವಿಷಯದ ಬುನಾದಿ ಆ ಲೇಖನ. ಅಂಥ ಅಳತೆಗಳಿಂದ ಮೂಡಿದ ಒಟ್ಟು ಚಿತ್ರ ಹೀಗಿದೆ: ಎಳೆಯ ಕೋಶದಲ್ಲಿ ಟಿ ಪ್ರವಾಹದ ಪಾಲು ದೊಡ್ಡದು, ಬೆಳೆದಂತೆ ಅದು ತಗ್ಗಿ, ಹೆಚ್ಚು ವೋಲ್ಟೇಜ್ ಬೇಡುವ ಪ್ರವಾಹಗಳು ಬಲಿಯುತ್ತವೆ. ಬೆಕ್ಕಿನ ಭ್ರೂಣದಲ್ಲಿ ಸ್ಕಾಲಿಯೋರಾ, ಚಲೂಪಾ ಮತ್ತು ಜೊತೆಗಾರರು 1993ರಲ್ಲಿ ಸೋಡಿಯಂ ಪ್ರವಾಹಗಳ ಬೆಳವಣಿಗೆಯನ್ನೂ ತೋರಿಸಿದ್ದರು. ಒಂದು ಹೋಗಿ ಇನ್ನೊಂದು ಬರುವ ಕಪ್ಪೆಯ ಸೂತ್ರ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಪ್ರವಾಹಗಳು ಜೊತೆಜೊತೆಗೇ ಇದ್ದು, ಅವುಗಳ ಪಾಲು ಮಾತ್ರ ಬದಲಾಗುತ್ತದೆ.

ಬೆಳಕು ಕಾಣದ ಕೋಶಕ್ಕೆ ಈ ಚಾನೆಲ್‌ಗಳು ಏಕೆ ಬೇಕು? ಉತ್ತರ ಬೇರೆ ದಿಕ್ಕಿನಿಂದ ಬಂತು. 1988ರಲ್ಲಿ ಗಲ್ಲಿ ಮತ್ತು ಮಫೇಯಿ ಇನ್ನೂ ಹುಟ್ಟದ ಇಲಿಯ ಗ್ಯಾಂಗ್ಲಿಯನ್ ಕೋಶಗಳು ತಾವಾಗಿ ಮಿಡಿಯುವುದನ್ನು ದಾಖಲಿಸಿದರು. 1991ರಲ್ಲಿ ಮೈಸ್ಟರ್, ವಾಂಗ್, ಬೇಯ್ಲರ್ ಮತ್ತು ಶಾಟ್ಜ್ ಆ ಮಿಡಿತ ಅಲೆಅಲೆಯಾಗಿ ರೆಟಿನಾದ ಉದ್ದಕ್ಕೂ ಹರಡುತ್ತದೆ ಎಂದು ತೋರಿಸಿದರು. ಕ್ಯಾಲ್ಸಿಯಂ ಸೇರಿದಾಗ ಹೊಳಪು ಬದಲಿಸುವ ಬಣ್ಣ ತುಂಬಿ ನೋಡಿದಾಗ ಅಲೆ ಕಣ್ಣಿಗೇ ಕಂಡಿತು. ಮಿದುಳಿನಲ್ಲಿ ಎರಡು ಕಣ್ಣುಗಳ ಎಳೆಗಳು ತಮ್ಮ ತಮ್ಮ ನೆಲೆ ಕಂಡುಕೊಳ್ಳಲು ಈ ಅಲೆಗಳು ನೆರವಾಗುತ್ತವೆ.

ಆ ಸಾಲಿನಲ್ಲಿ ನನಗೆ ಬಹಳ ಪ್ರಿಯವಾದದ್ದು 2006ರ ಝೆಂಗ್, ಲೀ ಮತ್ತು ಝೌ ಅವರ ಕೆಲಸ. ಎಳೆ ಮೊಲದ ರೆಟಿನಾದಲ್ಲಿರುವ ಸ್ಟಾರ್‌ಬರ್ಸ್ಟ್ ಎಂಬ ನಕ್ಷತ್ರಾಕಾರದ ಕೋಶ ಯಾರ ಪ್ರಚೋದನೆಯೂ ಇಲ್ಲದೆ ತಾನೇ ಸಿಡಿಯುತ್ತದೆ. ಆ ಸಿಡಿತಕ್ಕೆ ಬಲ ಕೊಡುವುದು ಕ್ಯಾಲ್ಸಿಯಂ ಚಾನೆಲ್. ಒಳಬಂದ ಕ್ಯಾಲ್ಸಿಯಂ ಪೊಟ್ಯಾಸಿಯಂ ದಾರಿಯನ್ನು ತೆರೆದು ಕೋಶವನ್ನು ದೀರ್ಘ ವಿಶ್ರಾಂತಿಗೆ ದೂಡುತ್ತದೆ. ವಿಶ್ರಾಂತಿ ಮುಗಿದ ಮೇಲೆ ಮತ್ತೆ ಸಿಡಿತ. ಬೆಳೆದಂತೆ ಈ ಸಾಮರ್ಥ್ಯ ಅಳಿಯುತ್ತದೆ. ಕೋಶ ಮಾತ್ರ ಉಳಿದು, ಚಲನೆಯ ದಿಕ್ಕನ್ನು ಅರಿಯುವ ಬೇರೆಯದೇ ಕೆಲಸಕ್ಕೆ ತೊಡಗುತ್ತದೆ. ಎಳೆತನದ ಚಾನೆಲ್ ವ್ಯವಸ್ಥೆಯನ್ನು 'ಇನ್ನೂ ಮಾಗದ್ದು' ಎಂದು ಬರೆಯುವವರು ಇದನ್ನು ಗಮನಿಸಬೇಕು. ಅಲೆ ಎಬ್ಬಿಸಬೇಕಾದ ವಯಸ್ಸಿಗೆ ಆ ವ್ಯವಸ್ಥೆ ಪೂರ್ಣವಾಗಿಯೇ ಇದೆ.

ಇನ್ನೊಂದು ಸರಳೀಕರಣವೂ ಪಾಠದ ಟಿಪ್ಪಣಿಗಳಲ್ಲಿ ಹರಡಿದೆ: ಟಿ ಎಂದರೆ ಬಾಲ್ಯದ ಚಾನೆಲ್. 2010ರಲ್ಲಿ ಮಾರ್ಗೋಲಿಸ್, ಡೆಟ್‌ವೈಲರ್ ಮತ್ತು ಸಂಗಡಿಗರು ಬೆಳೆದ ಚಿಟ್ಟಿಲಿಯ ರೆಟಿನಾದಲ್ಲಿ, ಬೆಳಕು ಆರಿದಾಗ ಮಿಡಿಯುವ 'ಆಫ್' ಗ್ಯಾಂಗ್ಲಿಯನ್ ಕೋಶಗಳ ಕೊಂಬೆಗಳಲ್ಲಿ ಟಿ ಚಾನೆಲ್ ಕೆಲಸ ಮಾಡುತ್ತಿರುವುದನ್ನು ಕಂಡರು. ಎಲ್ಲ ಕೋಶಗಳನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಟಿ ತಗ್ಗಿದಂತೆ ಕಾಣುತ್ತದೆ. ಬಗೆಬಗೆಯಾಗಿ ನೋಡಿದರೆ ಕೆಲವು ಕೋಶಗಳು ಅದನ್ನು ಉಳಿಸಿಕೊಂಡಿರುತ್ತವೆ.

ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ದಂಡ ಮತ್ತು ಶಂಕು ಕೋಶಗಳ ಕಥೆ ಪ್ರವಾಹ ಅಳೆಯುವ ನಮ್ಮಂಥವರಿಗೂ ಪಾಠ ಕಲಿಸಿತು. 1998ರಲ್ಲಿ, ಹುಟ್ಟಿನಿಂದ ಬರುವ ಒಂದು ಬಗೆಯ ಇರುಳುಗುರುಡಿಗೆ ಎಲ್ ಕುಟುಂಬದ ಸಿಎವಿ 1.4 ಚಾನೆಲ್‌ನ ವಂಶವಾಹಿಯಲ್ಲಿನ ದೋಷ ಕಾರಣವೆಂದು ತಿಳಿಯಿತು. ಆ ಚಾನೆಲ್ ಇಲ್ಲದ ಚಿಟ್ಟಿಲಿಯಲ್ಲಿ ನರಸಂಧಿಗಳೇ ಸರಿಯಾಗಿ ಕಟ್ಟಿಕೊಳ್ಳಲಿಲ್ಲ. 2020ರಲ್ಲಿ ಏಮಿ ಲೀ ಅವರ ಗುಂಪು ಕ್ಯಾಲ್ಸಿಯಂ ಹಾಯಿಸದ, ಆದರೆ ಜಾಗದಲ್ಲಿ ನಿಲ್ಲುವ ಸಿಎವಿ 1.4 ಇರುವ ಚಿಟ್ಟಿಲಿಯನ್ನು ಪರೀಕ್ಷಿಸಿದಾಗ, ದಂಡಕೋಶದ ನರಸಂಧಿಯ ಎಷ್ಟೋ ಭಾಗಗಳು ಆ ಪ್ರೋಟೀನಿನ ಇರುವಿಕೆಯಿಂದಲೇ ಜೋಡಣೆಯಾಗಿದ್ದವು. ಚಾನೆಲ್ ಬಾಗಿಲಷ್ಟೇ ಅಲ್ಲ, ಕಟ್ಟಡದ ಕಂಬವೂ ಹೌದು. ಹಾಗಾಗಿ ಪ್ರವಾಹವೊಂದನ್ನೇ ಅಳೆದವರೂ ಅರ್ಧವನ್ನೇ ಕಂಡಿದ್ದರು.

ಇನ್ನು ಪಟ್ಟಿಗಳು. 2015ರಲ್ಲಿ ಮಕೋಸ್ಕೋ ಮತ್ತು ಸಂಗಡಿಗರು ಚಿಟ್ಟಿಲಿಯ ರೆಟಿನಾದ 44,808 ಕೋಶಗಳಲ್ಲಿ ಚುರುಕಾದ ವಂಶವಾಹಿಗಳ ನಕಲಾದ ಆರ್‌ಎನ್‌ಎ ಓದಿದರು. 2019ರ ಇನ್ನೊಂದು ಕೆಲಸ ಗ್ಯಾಂಗ್ಲಿಯನ್ ಕೋಶಗಳಲ್ಲೇ 46 ಬಗೆಗಳನ್ನು ವಿಂಗಡಿಸಿತು. ಇದು ನಮ್ಮ ಕಾಲದ ದೊಡ್ಡ ಸಾಧನೆ. ಆದರೆ ಆರ್‌ಎನ್‌ಎ ಇದ್ದಲ್ಲೆಲ್ಲ ಪ್ರೋಟೀನು ಅಷ್ಟೇ ಇರಬೇಕೆಂದಿಲ್ಲ. ಪ್ರೋಟೀನು ಕೋಶದ ಒಡಲಲ್ಲಿದೆಯೋ, ಕೊಂಬೆಯ ತುದಿಯಲ್ಲಿದೆಯೋ, ಯಾವ ವೋಲ್ಟೇಜ್‌ಗೆ ತೆರೆಯುತ್ತದೆಯೋ ಪಟ್ಟಿ ಹೇಳುವುದಿಲ್ಲ. ಶ್ಮಿಡ್ ಮತ್ತು ಗುಂಥರ್ ಅಳೆದಾಗ ಈ 46 ಬಗೆಗಳ ವಿಂಗಡಣೆ ಇರಲಿಲ್ಲ. ಈಗ ವಿಂಗಡಣೆ ಇದೆ. ವಯಸ್ಸಿಗೆ ತಕ್ಕಂತೆ ಅವನ್ನು ಒಂದೊಂದಾಗಿ ಅಳೆಯುವ ಕೈಗಳು ಕಡಿಮೆಯಾಗಿವೆ.

ಮನುಷ್ಯನ ರೆಟಿನಾದ ವಿಷಯದಲ್ಲಿ ಕೊರತೆ ಇನ್ನೂ ದೊಡ್ಡದು. ಚಿಟ್ಟಿಲಿ ಹುಟ್ಟಿ ಸುಮಾರು ಎರಡು ವಾರದ ಮೇಲೆ ಕಣ್ಣು ತೆರೆಯುತ್ತದೆ, ಅಲೆಗಳು ಬಹುಪಾಲು ನಮ್ಮ ಕಣ್ಣೆದುರೇ ಮುಗಿಯುತ್ತವೆ. ಕೋತಿಯಲ್ಲಿ ಅವು ಗರ್ಭದೊಳಗೇ ನಡೆಯುತ್ತವೆ ಎಂದು 2006ರಲ್ಲಿ ವಾರ್ಲೆಂಡ್, ಹ್ಯೂಬರ್‌ಮನ್ ಮತ್ತು ಚಲೂಪಾ ತೋರಿಸಿದರು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಅವಧಿಗೆ ಮುನ್ನ ಹುಟ್ಟಿದ ಹಳ್ಳಿಯ ಕೂಸುಗಳ ರೆಟಿನಾದ ಚಿತ್ರ ತೆಗೆದು ದೃಷ್ಟಿ ಉಳಿಸುತ್ತಿದೆ. ಆ ಚಿತ್ರದಲ್ಲಿ ಕಾಣುವುದು ರಕ್ತನಾಳ. ಅದೇ ರೆಟಿನಾದ ನರಕೋಶಗಳು ಗರ್ಭದ ಕತ್ತಲಲ್ಲಿ ಮುಗಿಸಬೇಕಿದ್ದ ಕೆಲಸವನ್ನು ವಾರ್ಡಿನ ಬೆಳಕಿನಲ್ಲಿ ಮುಂದುವರಿಸುತ್ತಿರುತ್ತವೆ. ಅವನ್ನು ಅರಿಯುವ ದಾರಿ ಪ್ರಾಣಿಗಳಲ್ಲಿ ಮಾಡುವ ಇಂಥ ನಿಧಾನದ ಅಳತೆಗಳಿಂದಲೇ ಹೊರಡಬೇಕು.

ಆ ಹುಡುಗಿಗೆ ಕೊನೆಗೆ ಹೇಳಿದ್ದನ್ನೇ ಈ ಕ್ಷೇತ್ರಕ್ಕೆ ಬರುವ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಪಟ್ಟಿಯಿಂದ ಒಂದೇ ಒಂದು ಬಗೆಯ ಗ್ಯಾಂಗ್ಲಿಯನ್ ಕೋಶವನ್ನು ಆರಿಸಿಕೊಳ್ಳಿ. ಹುಟ್ಟಿದ ದಿನ, ಏಳನೆಯ ದಿನ, ಕಣ್ಣು ತೆರೆಯುವ ದಿನ, ಈ ಮೂರು ದಿನ ಅದರ ಟಿ, ಎನ್, ಎಲ್ ಪ್ರವಾಹಗಳನ್ನು ಅಳೆದು ತನ್ನಿ. ಉಳಿದ 45 ಬಗೆಗಳಿಗೆ ಇನ್ನಷ್ಟು ಜನ ಬೇಕು.