ತಾಮ್ರ ಕಡಿಮೆಯಾಯ್ತು, ಬೇಜಾರಾಗ್ಬೇಡಿ ಎಂದು ಬರೆದ ರಾಜ

ಹೈಸ್ಕೂಲಿನಲ್ಲಿ ತಾಮ್ರದ ಸಂಕೇತ 'ಸಿಯು' ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಕಾಪರ್ ಅಂದ್ಮೇಲೆ 'ಸಿಓ' ಇರಬೇಕಲ್ವಾ, 'ಯು' ಎಲ್ಲಿಂದ ಬಂತು ಅಂತ ನಾನು ಆಗ ಕೇಳಲಿಲ್ಲ. ಆಮೇಲೆ ಕಾಮರ್ಸ್ ತಗೊಂಡೆ, ಕೇಳುವ ಪ್ರಸಂಗವೇ ಬರಲಿಲ್ಲ. ಉತ್ತರ ಇರುವುದು ಒಂದು ದ್ವೀಪದ ಹೆಸರಿನಲ್ಲಿ: ಸೈಪ್ರಸ್. ರೋಮನ್ನರು ತಾಮ್ರವನ್ನು ಸೈಪ್ರಸ್ಸಿನ ಲೋಹ ಅಂತಲೇ ಕರೆದರು, ಅದೇ ಮುಂದೆ 'ಕುಪ್ರಮ್' ಆಯಿತು. ಆದರೆ ಇವತ್ತಿನ ಕಥೆ ರೋಮನ್ನರಿಗಿಂತ ಬಹಳ ಹಿಂದಿನದು.

ದ್ವೀಪದ ಮಧ್ಯದಲ್ಲಿ ಟ್ರೂಡೋಸ್ ಬೆಟ್ಟಗಳಿವೆ, ಅವುಗಳ ತಪ್ಪಲಿನಲ್ಲಿ ತಾಮ್ರದ ಅದಿರು. ಕ್ರಿ.ಪೂ. 2400ರ ಸುಮಾರಿಗೆ ಇಲ್ಲಿನ ಜನ ತಾಮ್ರದ ಉಪಕರಣಗಳನ್ನು ಹೆಚ್ಚಾಗಿ ಮಾಡತೊಡಗಿದರು. ಅಂಬೆಲಿಕು ಎಂಬಲ್ಲಿ ಸುಮಾರು 4,000 ವರ್ಷ ಹಳೆಯ ಊರೊಂದು ಸಿಕ್ಕಿದೆ. ಗಣಿಯ ಸುರಂಗದಲ್ಲಿ ಆ ಕಾಲದ ಮಡಕೆ ಚೂರುಗಳು, ಊರಿನಲ್ಲಿ ಲೋಹ ಕರಗಿಸುವ ಮೂಸೆ, ಅಚ್ಚು. ಅದೇ ಊರಿನಲ್ಲಿ ಕುಂಬಾರಿಕೆಯೂ ನಡೀತಿತ್ತು.

ಮುಂದೆ ಕೆಲಸ ದೊಡ್ಡದಾಯಿತು. ಪೊಲಿಟಿಕೊ ಊರಿನ ಬಳಿ ಫೊರಾಡೆಸ್ ಎಂಬಲ್ಲಿ, ಕ್ರಿ.ಪೂ. 1600ರ ಆಸುಪಾಸಿನ ಒಂದು ತಾಮ್ರದ ಕಾರ್ಯಾಗಾರ ಸಿಕ್ಕಿದೆ. ಹಳ್ಳದ ದಂಡೆಯಲ್ಲಿ ಕುಲುಮೆಯ ತುಂಡುಗಳು, ತಿದಿಯ ಗಾಳಿ ಒಳಹೋಗುವ ಮಣ್ಣಿನ ಕೊಳವೆಗಳು, ರಾಶಿ ಕಿಟ್ಟ. ಇಲ್ಲಿನ ಅದಿರು ಗಂಧಕ ಬೆರೆತದ್ದು, ಸುಮ್ನೆ ಕಾಯಿಸಿದರೆ ತಾಮ್ರ ಬಿಟ್ಟುಕೊಡಲ್ಲ. ಮೊದಲು ಸುಟ್ಟು ಗಂಧಕ ಓಡಿಸಬೇಕು. ಆ ಹೊಗೆ ಕುಡಿದವರಿಗೇ ಗೊತ್ತು. ಆಮೇಲೆ ಇದ್ದಿಲಿನ ಜೊತೆ ಕುಲುಮೆಗೆ ಹಾಕಿ, ಸುಮಾರು 1,200 ಡಿಗ್ರಿ ಶಾಖ ಇಳಿಯದ ಹಾಗೆ ತಿದಿ ಒತ್ತುತ್ತಲೇ ಇರಬೇಕು. ಅದಿರಿನಲ್ಲಿರುವ ಕಬ್ಬಿಣ ಮರಳಿನ ಜೊತೆ ಸೇರಿ ಕಿಟ್ಟವಾಗಿ ಬೇರೆಯಾಗಬೇಕು, ತಾಮ್ರ ತಳಕ್ಕಿಳೀಬೇಕು. ಥರ್ಮಾಮೀಟರ್ ಇಲ್ಲದ ಕಾಲ. ಬೆಂಕಿಯ ಬಣ್ಣ ನೋಡಿಯೇ ಅಂದಾಜು ಮಾಡಬೇಕಿತ್ತು. ಇದನ್ನು ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಿ ಕಲೀಬೇಕೇ ಹೊರತು ಬೇರೆ ದಾರಿ ಇಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ವ್ಯಾಪಾರದ ಗಾತ್ರಕ್ಕೆ ಒಂದೇ ಉದಾಹರಣೆ ಸಾಕು. 1982ರಲ್ಲಿ ಟರ್ಕಿಯ ಉಲುಬುರುನ್ ಬಳಿ ಸ್ಪಂಜು ತೆಗೆಯಲು ಮುಳುಗಿದವನೊಬ್ಬ, ಕೆಳಗೆ ಕಿವಿ ಇರುವ ಲೋಹದ ಬಿಸ್ಕತ್ತುಗಳಿವೆ ಅಂದ. ಕ್ರಿ.ಪೂ. 14ನೇ ಶತಮಾನದ ಕೊನೆಗೆ ಮುಳುಗಿದ ಹಡಗು ಅದು. ಅದರಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ. ನಾಲ್ಕು ಮೂಲೆ ಚಾಚಿಕೊಂಡ, ಹರಡಿದ ಎತ್ತಿನ ಚರ್ಮದ ಹಾಗಿರುವ ಗಟ್ಟಿಗಳೇ 350ಕ್ಕೂ ಹೆಚ್ಚು. ಸೀಸದ ಐಸೋಟೋಪ್ ಪರೀಕ್ಷೆ ಆ ತಾಮ್ರದ ಮೂಲ ಸೈಪ್ರಸ್ ಎಂದು ತೋರಿಸಿತು.

ಈಗ ಪತ್ರಕ್ಕೆ ಬರ್ತೀನಿ. ಹೆಚ್ಚುಕಡಿಮೆ ಅದೇ ಕಾಲದ್ದು. ಈಜಿಪ್ಟಿನ ಅಮರ್ನಾದಲ್ಲಿ 1887ರಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಕೆಲವನ್ನು ಬರೆಸಿದ್ದು ಅಲಾಶಿಯಾ ಎಂಬ ನಾಡಿನ ರಾಜ. ಆ ಹಲಗೆಗಳ ಮಣ್ಣು ಪರೀಕ್ಷಿಸಿದಾಗ ಟ್ರೂಡೋಸ್ ತಪ್ಪಲಿನ ಮಣ್ಣಿಗೆ ಹೊಂದಿತು. ಅಲಾಶಿಯಾ ಅಂದ್ರೆ ಸೈಪ್ರಸ್ ಎಂಬ ವಾದಕ್ಕೆ ಬಲ ಬಂತು.

ರಾಜ ಫೇರೋನನ್ನು 'ಅಣ್ಣತಮ್ಮ' ಅನ್ನೋ ಲೆಕ್ಕದಲ್ಲೇ ಮಾತಾಡಿಸ್ತಾನೆ. 500 ತಾಮ್ರ ಕಳಿಸಿದ್ದೇನೆ, ಕಡಿಮೆಯಾಯ್ತು ಅಂತ ಮನಸ್ಸಿಗೆ ಹಚ್ಕೋಬೇಡ ಅಂತಾನೆ. 500 ಏನು? ಅಳತೆಯ ಹೆಸರೇ ಬರೆದಿಲ್ಲ! ನಮ್ಮ ಅಕೌಂಟ್ಸ್ ಮೇಷ್ಟ್ರು ನೋಡಿದ್ರೆ ಸೊನ್ನೆ ಹಾಕ್ತಿದ್ರು. ಶೆಕೆಲ್ ಅಂದುಕೊಂಡರೆ ನಾಲ್ಕೈದು ಕಿಲೋ, ಟ್ಯಾಲೆಂಟ್ ಅಂದುಕೊಂಡರೆ ಹತ್ತು ಟನ್ನಿಗೂ ಮೀರುತ್ತೆ. ವಿದ್ವಾಂಸರು ಇನ್ನೂ ಜಗಳ ಆಡ್ತಿದ್ದಾರೆ. ಬರೆದವನಿಗೂ ಓದುವವನಿಗೂ ಗೊತ್ತಿದ್ದದ್ದನ್ನು ಯಾಕೆ ಬರೀಬೇಕು ಅಂತ ಬಿಟ್ಟಿರಬೇಕು.

ಕಡಿಮೆ ಯಾಕೆ ಅನ್ನೋದಕ್ಕೆ ಅವನೇ ಕಾರಣ ಕೊಡ್ತಾನೆ. ನೆರ್ಗಲ್ ದೇವರ ಕೈ ನನ್ನ ನಾಡಿನ ಮೇಲೆ ಬಿದ್ದಿದೆ, ಜನರೆಲ್ಲ ಸತ್ತರು, ತಾಮ್ರ ಮಾಡೋಕೆ ಒಬ್ಬನೂ ಇಲ್ಲ. ನೆರ್ಗಲ್ ಅಂದ್ರೆ ಸಾವು, ಸಾಂಕ್ರಾಮಿಕ ರೋಗಗಳ ದೇವರು.

ಮೊದಲ ಸಲ ಓದಿದಾಗ ಇದು ಸಪ್ಲೈಯರ್ ಹೇಳುವ ನೆಪ ಅನ್ನಿಸ್ತು. ಯಾಕಂದ್ರೆ ಅದೇ ಪತ್ರದಲ್ಲಿ ಬೆಳ್ಳಿ ತುಂಬಾ ಕಳಿಸು ಅಂತಾನೆ, ಮರ ಕೊಟ್ಟಿದ್ದರ ಬಾಕಿ ಹಣ ಕೇಳ್ತಾನೆ. ಪಕ್ಕಾ ವ್ಯವಹಾರಸ್ಥ. ಆದರೆ ನಿನ್ನ ದೂತನನ್ನು ಮೂರು ವರ್ಷ ಇಟ್ಟುಕೊಂಡಿದ್ದಕ್ಕೆ ಬೇಸರ ಬೇಡ, ನೆರ್ಗಲ್‌ನ ಕೈ ನನ್ನ ಮನೆಯೊಳಗೂ ಬಂದಿದೆ, ನನ್ನ ಹೆಂಡತಿಯ ಮಗ ಸತ್ತ ಎಂಬ ಮಾತೂ ಅಲ್ಲೇ ಇದೆ. ಅಲ್ಲಿ ನನ್ನ ಅನುಮಾನ ನಿಂತಿತು. ಬೆಟ್ಟದಲ್ಲಿ ಅದಿರು ಇದ್ದಲ್ಲೇ ಇತ್ತು, ಕಾಡಿನಲ್ಲಿ ಸೌದೆಯೂ ಇತ್ತು. ಬೆಂಕಿಯ ಬಣ್ಣ ಗುರುತಿಸುವವರು ಹೋಗಿದ್ದರು, ಗುರುವೂ ಶಿಷ್ಯನೂ ಒಟ್ಟಿಗೇ ಹೋಗಿದ್ದರೆ ಕಲಿಸೋದು ಯಾರು?

ಈ ಕುಲುಮೆಯವರ ಒಂದು ಹೆಸರೂ ನಮಗೆ ದಕ್ಕಿಲ್ಲ. ದ್ವೀಪದಲ್ಲಿ ಆಗ ಒಂದು ಲಿಪಿ ಇತ್ತು, ಅದನ್ನು ಇವತ್ತಿಗೂ ಓದೋಕಾಗಿಲ್ಲ. ಇದೇ ಪತ್ರದಲ್ಲಿ ರಾಜ ಇನ್ನೊಂದು ಬೇಡಿಕೆ ಇಡ್ತಾನೆ: ನನ್ನ ನಾಡಿನವನೊಬ್ಬ ನಿನ್ನ ದೇಶದಲ್ಲಿ ಸತ್ತ, ಅವನ ಸಾಮಾನು ಅಲ್ಲೇ ಉಳಿದಿದೆ, ಹೆಂಡತಿ ಮಗ ನನ್ನ ಹತ್ತಿರ ಇದ್ದಾರೆ, ಅದನ್ನು ನನ್ನ ದೂತನ ಕೈಗೆ ಕೊಟ್ಟು ಕಳಿಸು ಅಂತ. ಅವನ ಹೆಸರೂ ಬರೆದಿಲ್ಲ.