ಜುನಾ ಬಜಾರಿನ ಬೀಡಿನ ಕೆಟಲ್ ಪೇಶ್ವೆ ಕಾಲದ್ದಾ?

ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ.

ಪುಣೆಯ ಮಂಗಳವಾರ ಪೇಠೆಯಲ್ಲಿ ಬುಧವಾರ, ಭಾನುವಾರ ಸೇರೋ ಜುನಾ ಬಜಾರಿಗೆ ನಿಮ್ಮಲ್ಲಿ ಹಲವರು ಹೋಗಿರ್ತೀರಿ. ಅಲ್ಲಿಂದ ಕಪ್ಪನೆಯ, ಕೈ ಜಗ್ಗುವಷ್ಟು ಭಾರದ ಕೆಟಲ್ ತಂದ ಮೂವರು ಫೋಟೋ ಕಳಿಸಿ ಕೇಳಿದ್ದು ಒಂದೇ ಪ್ರಶ್ನೆ: ಇದು ಪೇಶ್ವೆ ಕಾಲದ್ದಾ? ಮಾರುವವರು ಹಾಗೆ ಹೇಳಿ ಕೊಟ್ಟರಂತೆ.

ಅಲ್ಲ. ಲೆಕ್ಕ ಹಾಕಿ ನೋಡಿ. ಪೇಶ್ವೆಗಳ ಆಳ್ವಿಕೆ ಮುಗಿದದ್ದು 1818ರಲ್ಲಿ. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ನಮ್ಮ ಸಾಮಾನ್ಯ ಮನೆಗಳಿಗೆ ಚಹಾ ಹೊಕ್ಕಿದ್ದು ಇನ್ನೂ ತಡ. 1903ರ ಟೀ ಸೆಸ್ ಕಾಯಿದೆಯ ದುಡ್ಡಿನಿಂದ ನಡೆದ ಪ್ರಚಾರದ ನಂತರದ ಮಾತು ಅದು. ಶನಿವಾರವಾಡೆಯ ಅಡುಗೆಮನೆಯಲ್ಲಿ ಚಹಾದ ಕೆಟಲ್ ಕೂರಿಸೋದಕ್ಕೆ ಕಾದಂಬರಿಯೇ ಬೇಕು.

ಇನ್ನೊಂದು ಕಾರಣ ಲೋಹದ್ದು. ಎರಕದ ಕಬ್ಬಿಣಕ್ಕೆ ನಾವು ಬೀಡು ಅಂತೀವಿ. ಅಜ್ಜಿಯ ದೋಸೆ ಕಾವಲಿ ಬೀಡಿನದು. ಮರಾಠಿಯಲ್ಲೂ ‘ಬಿಡಾಚಾ ತವಾ’. (ಹಿಂಜವಡಿಯಲ್ಲಿ ಹತ್ತು ವರ್ಷ ಇದ್ದೂ ಮರಾಠಿ ಬರಲ್ಲ ಅನ್ನುವವರಿಗೆ ಒಂದು ಪದ ಪುಕ್ಕಟೆ ಸಿಕ್ಕಿತು.) ಆದರೆ ನಮ್ಮ ಹಳೆಯ ಕಮ್ಮಾರರ ಕುಲುಮೆಯಲ್ಲಿ ಕಬ್ಬಿಣ ನೀರಾಗಿ ಹರೀತಿರಲಿಲ್ಲ. ಮೆತ್ತಗಿನ ಮುದ್ದೆಯಾಗಿ ಬರ್ತಿತ್ತು, ಅದನ್ನು ಬಡಿದು ರೂಪ ಕೊಡ್ತಿದ್ರು. ಮೂಸೆಯಲ್ಲಿ ಕರಗಿಸ್ತಿದ್ದ ಉಕ್ಕಿನ ಕಥೆ ಬೇರೆ. ನೀರು ಕಾಯಿಸೋಕೆ ತಾಮ್ರ ಇತ್ತು. ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ಪೇಶ್ವೆಗಳ ಆಶ್ರಯದಲ್ಲಿ ನೆಲೆಸಿದ ಕುಶಲಕರ್ಮಿಗಳ ವಂಶದವರು ಇವತ್ತಿಗೂ ತಾಮ್ರ ಬಡೀತಾರೆ. ಆ ಸದ್ದು ಕೇಳದೆ ಪುಣೆ ಬಿಡಬೇಡಿ.

ತೆಳು ಗೋಡೆಯ ಬೀಡಿನ ಪಾತ್ರೆ ಅಗ್ಗದಲ್ಲಿ ಎರಕವಾಗಿದ್ದು ಇಂಗ್ಲೆಂಡಿನಲ್ಲಿ. ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ಪಾತ್ರೆ ಎರೆಯುವುದಕ್ಕೆ ಪೇಟೆಂಟ್ ಪಡೆದ. 1791ರಲ್ಲಿ ವೆಸ್ಟ್ ಬ್ರೋಮ್‌ವಿಚ್‌ನಲ್ಲಿ ಕೆನ್ರಿಕ್ ಕಾರ್ಖಾನೆ ಶುರುವಾಯ್ತು. ಹಾಗಾಗಿ ಕ್ಯಾಂಪ್, ಖಡಕಿಯಂಥ ದಂಡಿನ ಊರಲ್ಲಿ ಇಂಥ ಕೆಟಲ್ ಸಿಕ್ಕರೆ ನನ್ನ ಮೊದಲ ಅನುಮಾನ ಗೋರಾ ಸಾಹೇಬರ ಅಡುಗೆಮನೆ ಮೇಲೆ. ನಮ್ಮ ಕಡೆ ಎರಕ ದೊಡ್ಡ ಉದ್ಯಮವಾಗಿದ್ದು ಚಹಾಕ್ಕಲ್ಲ, ನೇಗಿಲಿಗೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಭದ್ರಾವತಿಯ ಕಾರ್ಖಾನೆ ಬಂದದ್ದು 1923ರಲ್ಲಿ.

ಈಗ ಗುರುತು ಹಿಡಿಯೋದು. ಕೆಟಲ್ ಮಗುಚಿ ಹಾಕಿ. ತಳದಲ್ಲಿ ಉದ್ದಕ್ಕೆ ಒಂದು ಗಾಯದ ಗೆರೆ ಇದ್ದರೆ, ಕರಗಿದ ಲೋಹ ಅಲ್ಲಿಂದ ಅಚ್ಚಿಗೆ ಇಳಿದಿದೆ. ಈ ಪದ್ಧತಿ 19ನೇ ಶತಮಾನದ ಕೊನೆಗೆ ಬಹುಮಟ್ಟಿಗೆ ನಿಂತಿತು. ಹೆಸರು, ಪಿಂಟ್ ಲೆಕ್ಕದ ಅಳತೆ ಇದ್ದರೆ ಇಂಗ್ಲೆಂಡಿನ ಕಡೆ ಹುಡುಕಿ. ಒಳಗೆ ಬೆಳ್ಳಗಿನ ಪದರ ಉಳಿದಿದ್ದರೆ ಅದು ತವರದ ಕಲಾಯಿ ಇರಬಹುದು, ನಮ್ಮ ಹಿತ್ತಾಳೆ ಪಾತ್ರೆಗೆ ಹಾಕಿಸ್ತಿದ್ದಂಥದ್ದೇ. ಮೈಮೇಲೆ ಆಲಿಕಲ್ಲಿನಂಥ ಗುಬಟುಗಳಿದ್ದರೆ ಜಪಾನಿನ ನಂಬು ಮಾದರಿ. ಆದರೆ ಅದರ ಒಳಗೆ ನುಣ್ಣನೆ ಎನಾಮೆಲ್ ಇದ್ದರೆ ಈಚಿನ ಟೀಪಾಟ್. ಒಲೆ ಮೇಲೆ ಇಡಬೇಡಿ, ಪದರ ಸೀಳುತ್ತೆ. ಅಯಸ್ಕಾಂತ ಅಂಟದಿದ್ದರೆ ಕಪ್ಪು ಬಳಿದ ಅಲ್ಯುಮಿನಿಯಂ ಅಥವಾ ಹಿತ್ತಾಳೆ. ಬೆರಳ ಗೆಣ್ಣಿಂದ ತಟ್ಟಿ: ಗಂಟೆಯಂತೆ ನಾದ ಬಾರದೆ ಬೊಕ್ಕ ಸದ್ದು ಬಂದರೆ ಬಿರುಕು ಹುಡುಕಿ.

ಆ ಮೂವರಲ್ಲಿ ಒಬ್ಬರದ್ದು ಕೆನ್ರಿಕ್ ಇರಬಹುದಿತ್ತು. ಇರಬಹುದಿತ್ತು ಅಂತಷ್ಟೇ ಹೇಳ್ತೀನಿ, ಯಾಕಂದ್ರೆ ಮಾರುವ ಮುಂಚೆ ಯಾರೋ ತಳಕ್ಕೆ ಗ್ರೈಂಡರ್ ಹಿಡಿದು, ಕಪ್ಪು ಪೇಂಟ್ ಹೊಡೆದಿದ್ದಾರೆ. ಫೋಟೋದಲ್ಲಿ ಕೊನೆಯ ಎರಡು ಅಕ್ಷರದ ನೆರಳು ಮಾತ್ರ ಇದೆ. ನೂರು ವರ್ಷದ ಗುರುತು ಐದು ನಿಮಿಷದಲ್ಲಿ ಹೋಯ್ತು. ಗ್ರೈಂಡರ್, ಮರಳು ಹೊಡೆಸೋದು ದಯವಿಟ್ಟು ಬೇಡ.

ತುಕ್ಕಿಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ, ತೆಗೆದು ಬ್ರಶ್ಶಿನಿಂದ ಉಜ್ಜಿ, ಬೇಕಾದರೆ ಮತ್ತೊಮ್ಮೆ. ಇಡೀ ರಾತ್ರಿ ಬಿಟ್ಟರೆ ಆಸಿಡ್ ಕಬ್ಬಿಣವನ್ನೇ ತಿನ್ನುತ್ತೆ. ತೊಳೆದು ತಕ್ಷಣ ಸಣ್ಣ ಉರಿಯಲ್ಲಿ ಒಣಗಿಸಿ. ಸೊಂಡಿಲ ಬುಡದಲ್ಲಿ ಬೂದು ಬಣ್ಣದ ಬೆಸುಗೆ ಇದ್ದರೆ, ಹಳೆ ಕಲಾಯಿ ಉಳಿದಿದ್ದರೆ, ಸೀಸದ ಪರೀಕ್ಷೆ ಆಗುವ ತನಕ ಅದರಲ್ಲಿ ಕಾಯಿಸಿದ್ದನ್ನು ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಶೋಕೇಸಿಗೆ ಸಾಕು.

ಹೊರಗೆ ತೆಳ್ಳಗೆ ಎಣ್ಣೆ ಸವರಿ. ಒಳಗೆ ಕಾವಲಿಯ ಹಾಗೆ ಎಣ್ಣೆ ಪಳಗಿಸೋಕೆ ಹೋಗಬೇಡಿ, ಕುದಿಯೋ ನೀರಲ್ಲಿ ನಿಲ್ಲಲ್ಲ. ಪರೀಕ್ಷೆಯಲ್ಲಿ ಪಾಸಾದ, ಒಳಗೆ ಬರೀ ಕಬ್ಬಿಣವೇ ಇರುವ ಕೆಟಲಿಗೆ ಜಪಾನೀಯರ ಉಪಾಯ ಒಂದಿದೆ: ಚಹಾ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಅದರೊಳಗೇ ಕುದಿಸೋದು. ಚಹಾದ ಒಗರು ತುಕ್ಕಿನ ಜೊತೆ ಸೇರಿ ಕಪ್ಪಗಿನ ಪದರವಾಗುತ್ತೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಲಂಕಾರಿ ಬಟ್ಟೆಗೆ ಕಪ್ಪು ಹಾಕ್ತಾರಲ್ಲ, ಅದೇ ರಸಾಯನ. ಮೊದಲ ಸಲದ ನೀರು ಮಸಿಯಂತೆ ಕಪ್ಪಾಗಿ ಬರುತ್ತೆ; ಚೆಲ್ಲಿ, ನೀರು ತಿಳಿಯಾಗೋ ತನಕ ಮಾಡ್ತಾ ಇರಿ.